ನೈಸಾ: ಹೆಸರುಂಟು, ಊರೆಲ್ಲಿ?

ಪ್ರಶ್ನೆ: ನಮ್ಮ ಮೊಮ್ಮಗಳಿಗೆ ‘ನೈಸಾ’ ಎಂದು ಹೆಸರಿಡಲು ಮಗ, ಸೊಸೆ ನಿಶ್ಚಯಿಸಿದ್ದಾರೆ. ಮಕ್ಕಳ ಹೆಸರುಗಳ ಜಾಲತಾಣವೊಂದರಲ್ಲಿ ‘ಗ್ರೀಕ್ ಪುರಾಣದ ಒಂದು ಸ್ಥಳ, ಅರ್ಥ: ಗುರಿ, ಹೊಸ ಆರಂಭ’ ಎಂದು ಕೊಟ್ಟಿದೆಯಂತೆ. ನಾಮಕರಣದ ದಿನ ನೆಂಟರಿಷ್ಟರೆಲ್ಲ ಅರ್ಥ ಕೇಳುವುದು ನನ್ನನ್ನೇ. ಅಂಥ ಸ್ಥಳ ನಿಜವಾಗಿಯೂ ಇದೆಯೇ? ಕೊಟ್ಟಿರುವ ಅರ್ಥ ಸರಿಯೇ? ಅಶುಭವಾದದ್ದೇನೂ ಅದರಲ್ಲಿಲ್ಲವಷ್ಟೆ? ಕನ್ನಡದಲ್ಲಿ ನೈಸಾ ಎಂದು ಬರೆಯಬೇಕೋ, ನೀಸಾ ಎಂದೋ, ನ್ಯಾಸಾ ಎಂದೋ?

ಉತ್ತರ: ಅರ್ಥದ ಸಂಗತಿಯನ್ನು ಮೊದಲೇ ಮುಗಿಸಿಬಿಡುತ್ತೇನೆ, ಏಕೆಂದರೆ ಅದು ತಪ್ಪು. ಜಾಲತಾಣದವರು ಎರಡು ಗ್ರೀಕ್ ಪದಗಳನ್ನು ಕಲಸಿ ಒಂದು ಮಾಡಿದ್ದಾರೆ. ಪುರಾಣದ ಸ್ಥಳದ ಹೆಸರಿನಲ್ಲಿರುವುದು ಒಂದೇ ಸಕಾರ, ಮೊದಲ ಸ್ವರ ದೀರ್ಘ; ಹಳೆಯ ಗ್ರೀಕರ ಬಾಯಲ್ಲಿ ಹೆಚ್ಚುಕಡಿಮೆ ‘ನೂಸ’. ಇನ್ನೊಂದು ಪದದಲ್ಲಿ ಸಕಾರಕ್ಕೆ ಒತ್ತಿದೆ, ಮೊದಲ ಸ್ವರ ಹ್ರಸ್ವ: ‘ನುಸ್ಸ’. ನಮ್ಮಲ್ಲಿ ಕತೆಗೂ ಕತ್ತೆಗೂ ಎಷ್ಟು ಸಂಬಂಧವೋ ಇವೆರಡಕ್ಕೂ ಅಷ್ಟೇ.

ನುಸ್ಸ ಎಂದರೆ ರಥದ ಪಂದ್ಯ ನಡೆಯುವ ಬಯಲಿನಲ್ಲಿ ನೆಟ್ಟ ಗುರುತಿನ ಕಂಬ. ರಥಗಳು ಅಲ್ಲಿಯವರೆಗೆ ಓಡಿ, ಅದನ್ನು ಸುತ್ತಿ ಹಿಂದಿರುಗಬೇಕು. ಗ್ರೀಕ್ ಕವಿ ಹೋಮರ್‌ನ ಮಹಾಕಾವ್ಯ ಇಲಿಯಡ್‌ನ 23ನೆಯ ಸರ್ಗದಲ್ಲಿ ಪೆಟ್ರೊಕ್ಲಸ್‌ನ ಅಂತ್ಯಕ್ರಿಯೆಯ ಪಂದ್ಯಗಳು ನಡೆಯುವಾಗ ಮುದುಕ ನೆಸ್ಟರ್ ತನ್ನ ಮಗನಿಗೆ ಇದರ ಮರ್ಮವನ್ನೆಲ್ಲ ಹೇಳಿಕೊಡುತ್ತಾನೆ: ಎಡಗಡೆಯ ಕುದುರೆ ಕಂಬಕ್ಕೆ ಉಜ್ಜಿಯೇ ಬಿಟ್ಟಿತೋ ಎನ್ನುವಷ್ಟು ಒತ್ತಿ ತಿರುಗಿಸು, ಆದರೆ ಕಲ್ಲಿಗೆ ಮಾತ್ರ ತಾಗಿಸಬೇಡ. ಅಲ್ಲಿರುವ ಕಂಬವೂ ಏನು, ಓಕ್ ಅಥವಾ ಪೈನ್ ಮರದ ಒಂದು ಒಣ ಬೊಡ್ಡೆ. ಮಳೆಗೆ ಕೊಳೆಯದೆ ಉಳಿದದ್ದು, ಎರಡು ಪಕ್ಕಕ್ಕೂ ಬಿಳಿಯ ಕಲ್ಲು ಆನಿಸಿದ್ದು. ಎಂದೋ ಸತ್ತವನೊಬ್ಬನ ಗೋರಿಯ ಗುರುತೂ ಆಗಿರಬಹುದು ಎಂದು ಹೋಮರ್ ಸೇರಿಸುತ್ತಾನೆ. ಅದೇ ಸರ್ಗದಲ್ಲಿ ಮುಂದೆ ಓಟದ ಪಂದ್ಯ ಆರಂಭವಾಗುವ ಗೆರೆಗೂ ಇದೇ ಪದ ಬಂದಿದೆ. ಗುರಿ, ಆರಂಭ ಎಂಬ ಅರ್ಥಗಳು ಬಂದದ್ದು ಇಲ್ಲಿಂದ. ನಿಮ್ಮ ಮೊಮ್ಮಗಳ ಹೆಸರಿಗೂ ಆ ಬೊಡ್ಡೆಗೂ ಏನೂ ಸಂಬಂಧವಿಲ್ಲ. ನೆಂಟರ ಮುಂದೆ ‘ಗುರಿ’ ಎಂದು ಹೇಳಬೇಡಿ.

ಹಾಗಾದರೆ ಸ್ಥಳದ ಹೆಸರಿನ ಅರ್ಥವೇನು? ಅದಕ್ಕೆ ಮೊದಲು ಆ ಸ್ಥಳದ ಕತೆಯನ್ನು ಹೇಳಬೇಕು. ಅದು ಒಂದು ಮಗುವನ್ನು ಬಚ್ಚಿಟ್ಟು ಸಾಕಿದ ಕತೆ.

ದೇವರಾಜ ಜ್ಯೂಸ್ ಥೀಬ್ಸ್ ನಗರದ ರಾಜಕುಮಾರಿ ಸೆಮೆಲಿಯನ್ನು ಪ್ರೀತಿಸಿದ. ಅವನ ಹೆಂಡತಿ ಹೀರಾ ಮಾಡಿದ ಕುತಂತ್ರದಿಂದ ಸೆಮೆಲಿ ಅವನ ನಿಜರೂಪವನ್ನು ನೋಡಬೇಕೆಂದು ಹಟ ಹಿಡಿದಳು. ನೋಡಿದಳು, ಸಿಡಿಲಿಗೆ ಸುಟ್ಟು ಬೂದಿಯಾದಳು. ಹೊಟ್ಟೆಯಲ್ಲಿದ್ದ, ಇನ್ನೂ ದಿನ ತುಂಬದ ಕೂಸನ್ನು ಜ್ಯೂಸ್ ಎತ್ತಿಕೊಂಡು ತನ್ನ ತೊಡೆಯನ್ನು ಸೀಳಿ ಅದರೊಳಗಿಟ್ಟು ಹೊಲಿದುಕೊಂಡ. ತಿಂಗಳು ತುಂಬಿದ ಮೇಲೆ ತೊಡೆಯಿಂದ ಹುಟ್ಟಿದವನೇ ಡಯೊನೈಸಸ್, ದ್ರಾಕ್ಷಿಯ ಮತ್ತು ಮದ್ಯದ ದೇವರು. ಹೀರಾಳ ಕಣ್ಣಿಗೆ ಬೀಳದಂತೆ ಆ ಮಗುವನ್ನು ಸಾಗಿಸಿ, ಕಾಡಿನ ಅಪ್ಸರೆಯರ ಕೈಗೆ ಕೊಟ್ಟು ಬೆಳೆಸಿದ ತಾಣ ನೈಸಾ.

ತೊಡೆಯಿಂದ ಹುಟ್ಟುವುದು ನಮಗೆ ಹೊಸದಲ್ಲ. ಮಹಾಭಾರತದ ಆದಿಪರ್ವದಲ್ಲಿ ಭೃಗುವಂಶವನ್ನು ಗರ್ಭದ ಕೂಸುಗಳ ಸಮೇತ ಅಳಿಸಲು ಹೊರಟ ಕ್ಷತ್ರಿಯರಿಗೆ ಹೆದರಿ ತಾಯಿಯೊಬ್ಬಳು ಗರ್ಭವನ್ನು ತೊಡೆಯಲ್ಲಿ ಅಡಗಿಸಿಕೊಳ್ಳುತ್ತಾಳೆ. ಊರುವಿನಿಂದ ಹುಟ್ಟಿದವನು ಔರ್ವ. ಸಂಸ್ಕೃತದ ಊರುವಿಗೂ ಕನ್ನಡದ ಊರಿಗೂ ಸಂಬಂಧವಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಈ ಎರಡು ಪದಗಳನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ತೊಡೆಗೂ ಊರಿಗೂ ಗಂಟು ಹಾಕುವ ಇಂಥದೇ ಒಂದು ಶಬ್ದದ ಆಟವನ್ನು ಅಲೆಕ್ಸಾಂಡರನ ಸೈನ್ಯ ಆಡಿದ ಕತೆ ಮುಂದೆ ಬರುತ್ತದೆ.

ಈಗ ‘ಎಲ್ಲಿದೆ’ ಎಂಬ ಪ್ರಶ್ನೆ. ಗ್ರೀಕರನ್ನೇ ಕೇಳಿದರೆ ಒಬ್ಬೊಬ್ಬ ಒಂದೊಂದು ದಿಕ್ಕು ತೋರಿಸುತ್ತಾನೆ.

ನಮಗೆ ಸಿಗುವ ಅತಿ ಹಳೆಯ ಉಲ್ಲೇಖ ಇಲಿಯಡ್‌ನ ಆರನೆಯ ಸರ್ಗದ್ದು. ಲೈಕರ್ಗಸ್ ಎಂಬ ದೊರೆ ಎತ್ತು ಹೊಡೆಯುವ ಕೋಲು ಹಿಡಿದು, ಮಗು ಡಯೊನೈಸಸ್‌ನ ದಾದಿಯರನ್ನು ‘ಪವಿತ್ರ ನೈಸಾ ಬೆಟ್ಟ’ದ ಇಳಿಜಾರಿನಲ್ಲಿ ಅಟ್ಟಿಸಿಕೊಂಡು ಹೋಗುತ್ತಾನೆ. ಮಗುದೇವರು ಹೆದರಿ ಸಮುದ್ರಕ್ಕೆ ಹಾರುತ್ತಾನೆ. ಲೈಕರ್ಗಸ್‌ನನ್ನು ಥ್ರೇಸ್‌ನ ದೊರೆ ಎಂದು ಮುಂದಿನವರು ಹೇಳುವುದರಿಂದ ಈ ಬೆಟ್ಟ ಗ್ರೀಸ್‌ನ ಉತ್ತರಕ್ಕಿರಬೇಕು. ಹೋಮರ್‌ನ ಹೆಸರಿನಲ್ಲೇ ಪ್ರಚಲಿತವಾದ ದೇವತಾಸ್ತುತಿಗಳಲ್ಲಿ ಒಂದು ಇನ್ನೂ ಜಗಳಗಂಟಿ. ಡಯೊನೈಸಸ್ ಹುಟ್ಟಿದ್ದು ಇಕಾರಿಯಾದಲ್ಲಿ ಎನ್ನುವವರು, ನಾಕ್ಸೊಸ್‌ನಲ್ಲಿ ಎನ್ನುವವರು, ಥೀಬ್ಸ್‌ನಲ್ಲಿ ಎನ್ನುವವರು ಎಲ್ಲರೂ ಸುಳ್ಳುಗಾರರು ಎಂದು ಬಯ್ದು, ‘ನೈಸಾ ಎಂಬ ಎತ್ತರದ, ದಟ್ಟ ಕಾಡಿನ ಬೆಟ್ಟವೊಂದಿದೆ, ಅದು ಫಿನೀಷಿಯಾದಿಂದ ದೂರ, ಈಜಿಪ್ಟಿನ ಹೊಳೆಗಳ ಹತ್ತಿರ’ ಎಂದು ತೀರ್ಪು ಕೊಡುತ್ತದೆ. ಹೆರೊಡೋಟಸ್‌ನಿಗೆ ಅದು ಈಜಿಪ್ಟಿಗೂ ಆಚೆ, ಇಥಿಯೋಪಿಯಾದಲ್ಲಿ. ಕ್ಸೆನೊಫೋನ್ ಬೇಟೆಯ ಕುರಿತ ಗ್ರಂಥದಲ್ಲಿ ಸಿಂಹ, ಚಿರತೆಗಳು ಸಿಗುವ ದೂರದ ಬೆಟ್ಟಗಳನ್ನು ಎಣಿಸುತ್ತ ಸಿರಿಯಾದ ಆಚೆಯ ನೈಸಾವನ್ನು ಹೆಸರಿಸುತ್ತಾನೆ. ಡಯೋಡೋರಸ್ ಅದನ್ನು ಒಂದು ಕಡೆ ಅರೇಬಿಯಾದಲ್ಲಿಡುತ್ತಾನೆ, ಇನ್ನೊಂದು ಕಡೆ ಲಿಬಿಯಾದ ಟ್ರೈಟನ್ ನದಿ ಸುತ್ತುವರಿದ ದ್ವೀಪದಲ್ಲಿಡುತ್ತಾನೆ. 17ನೆಯ ಶತಮಾನದ ಇಂಗ್ಲಿಷ್ ಕವಿ ಮಿಲ್ಟನ್ ಈಡನ್ ತೋಟಕ್ಕೆ ಸರಿಸಾಟಿಯಾಗದ ರಮ್ಯ ಸ್ಥಳಗಳ ಪಟ್ಟಿಯಲ್ಲಿ ಸೇರಿಸಿಕೊಂಡದ್ದು ಈ ಲಿಬಿಯಾದ ದ್ವೀಪವನ್ನೇ.

ಕ್ರಿ.ಶ. ಆರನೆಯ ಶತಮಾನದ ಹೊತ್ತಿಗೆ ಬೈಜಾಂಟಿಯಮ್‌ನ ಸ್ಟೀಫನಸ್ ಎಂಬ ಕೋಶಕಾರ ಕುಳಿತು ಲೆಕ್ಕ ಹಾಕಿದ. ಅವನ ಪಟ್ಟಿಯಲ್ಲಿ ಹತ್ತು ನೈಸಾಗಳಿವೆ: ಹೆಲಿಕಾನ್, ಥ್ರೇಸ್, ಕೇರಿಯಾ, ಅರೇಬಿಯಾ, ಈಜಿಪ್ಟ್, ನಾಕ್ಸೊಸ್, ಭಾರತ, ಕಾಕಸಸ್, ಲಿಬಿಯಾ, ಯುಬೀಯ. ಯುಬೀಯದ ನೈಸಾದಲ್ಲಿ ದ್ರಾಕ್ಷಿಬಳ್ಳಿ ಬೆಳಗ್ಗೆ ಹೂಬಿಟ್ಟು ಸಂಜೆಗೆ ಹಣ್ಣಾಗುತ್ತಿತ್ತಂತೆ.

ಇದನ್ನು ಕಂಡು ಗ್ರೀಕರಿಗೆ ಭೂಗೋಳ ಗೊತ್ತಿರಲಿಲ್ಲ ಎಂದು ನಗಬೇಕಾಗಿಲ್ಲ. ನಮ್ಮ ವಿರಾಟನಗರ ಎಲ್ಲಿದೆ? ಹಾವೇರಿ ಜಿಲ್ಲೆಯ ಹಾನಗಲ್ಲಿನವರು ತಮ್ಮೂರೇ ಎನ್ನುತ್ತಾರೆ. ಅದನ್ನು ವಿರಾಟನ ಕೋಟೆ ಎನ್ನುವ ಶಾಸನಗಳೇ ಇವೆ. ರಾಜಸ್ಥಾನದ ಬೈರಾಟದವರು ತಮ್ಮದು ಎನ್ನುತ್ತಾರೆ. ನೇಪಾಳದಲ್ಲಿ ಆ ಹೆಸರಿನ ನಗರವೇ ಇದೆ. ಪುರಾಣದ ಊರು ಕೇಳುಗರ ಜೊತೆ ನಡೆದುಕೊಂಡು ಹೋಗುತ್ತದೆ. ನೈಸಾ ನಡೆದದ್ದು ದ್ರಾಕ್ಷಿಬಳ್ಳಿಯ ಜೊತೆ. ಡಯೊನೈಸಸ್‌ನ ಪೂಜೆ ಎಲ್ಲೆಲ್ಲಿ ಬೇರೂರಿತೋ ಅಲ್ಲಿಯ ಜನ ತಮ್ಮ ಕಾಡಿನ ಬೆಟ್ಟವೊಂದನ್ನು ತೋರಿಸಿ ‘ದೇವರು ಬೆಳೆದದ್ದು ಇಲ್ಲೇ’ ಎಂದರು. ಹೊಸ ದೇಶ ಕಂಡಾಗಲೆಲ್ಲ ಆ ಹೆಸರು ಇನ್ನೊಂದು ದಿಗಂತ ದಾಟಿತು. ಹಾಗಾಗಿ ಹಳೆಯ ಗ್ರಂಥದಲ್ಲಿ ನೈಸಾ ಎಂದು ಕಂಡಾಗ ನಾನು ನಕ್ಷೆ ತೆಗೆಯುವುದಿಲ್ಲ. ಹೇಳುತ್ತಿರುವವನು ಯಾರು, ಅವನ ಕಾಲಕ್ಕೆ ಗ್ರೀಕರ ಲೋಕ ಎಲ್ಲಿಯವರೆಗೆ ಚಾಚಿತ್ತು ಎಂದು ನೋಡುತ್ತೇನೆ.

ಭಾರತದ ನೈಸಾ ಈ ನಡಿಗೆಯ ಅತಿ ಸ್ವಾರಸ್ಯದ ಘಟ್ಟ. ಕ್ರಿ.ಪೂ. 327-326ರಲ್ಲಿ ಅಲೆಕ್ಸಾಂಡರ್ ಕಾಬೂಲ್ ನದಿಗೂ ಸಿಂಧೂ ನದಿಗೂ ನಡುವಿನ ಗುಡ್ಡಗಾಡಿನಲ್ಲಿ ಒಂದೊಂದೇ ಕೋಟೆ ಹಿಡಿಯುತ್ತ ಬರುತ್ತಿದ್ದ. ಇವತ್ತಿನ ಅಫ್ಘಾನಿಸ್ತಾನ-ಪಾಕಿಸ್ತಾನಗಳ ಗಡಿಯ ಸೀಮೆ ಅದು. ಅಲ್ಲಿ ನೈಸಾ ಎಂಬ ಪಟ್ಟಣ ಎದುರಾಯಿತು. ಪ್ಲುಟಾರ್ಕ್ ಹೇಳುವ ಪ್ರಕಾರ ಪಟ್ಟಣದ ಮುಂದೆ ಆಳವಾದ ಹೊಳೆ, ಸೈನಿಕರು ಹಿಂಜರಿದರು. ದಡದಲ್ಲಿ ನಿಂತ ಅಲೆಕ್ಸಾಂಡರ್ ‘ನನ್ನಂಥ ಪಾಪಿ ಇನ್ನೊಬ್ಬನಿಲ್ಲ, ಈಜು ಕಲಿಯದೆ ಹೋದೆನಲ್ಲ’ ಎಂದು ಹಲುಬಿ, ಗುರಾಣಿ ಹಿಡಿದೇ ನೀರಿಗಿಳಿಯಲು ಹೊರಟನಂತೆ. ಕರ್ಟಿಯಸ್ ಎಂಬ ರೋಮನ್ ಇತಿಹಾಸಕಾರ ಬೇರೆಯದೇ ನೆನಪು ಕೊಡುತ್ತಾನೆ. ರಾತ್ರಿ ಚಳಿ ತಡೆಯಲಾರದೆ ಸೈನಿಕರು ಕಾಡಿನಲ್ಲಿ ಹಾಕಿದ ಬೆಂಕಿ ಊರಿನವರ ದೇವದಾರು ಮರದ ಗೋರಿಗಳಿಗೆ ತಗಲಿ ಎಲ್ಲವೂ ಉರಿಯಿತು; ಮೊದಲು ನಾಯಿ ಬೊಗಳಿದ್ದು, ಆಮೇಲೆ ಜನರ ಕೂಗು ಕೇಳಿಸಿತು; ಹತ್ತಿರದಲ್ಲಿ ಊರಿದೆ ಎಂದು ಸೈನಿಕರಿಗೂ, ಸೈನ್ಯ ಬಂದಿದೆ ಎಂದು ಊರಿನವರಿಗೂ ತಿಳಿದದ್ದು ಆಗಲೇ.

ಊರಿನ ಹಿರಿಯ, ಗ್ರೀಕರ ಬಾಯಲ್ಲಿ ಅಕೂಫಿಸ್ ಎಂಬವನು, ಸಂಧಾನಕ್ಕೆ ಬಂದ. ಅಲೆಕ್ಸಾಂಡರ್ ಪ್ರಯಾಣದ ಧೂಳಿನಲ್ಲಿ ಕವಚವನ್ನೂ ಕಳಚದೆ ಕುಳಿತಿದ್ದನ್ನು ಕಂಡು ಬಂದವರು ಬೆರಗಾದರು. ಆರಿಯನ್ ಎಂಬ ಇತಿಹಾಸಕಾರನ ಪ್ರಕಾರ ಅಕೂಫಿಸ್ ಹೇಳಿದ್ದು ಇಷ್ಟು: ‘ನಮ್ಮ ಊರನ್ನು ಕಟ್ಟಿದವನು ನಿಮ್ಮ ಡಯೊನೈಸಸ್. ಅವನ ದಾದಿಯ ಹೆಸರು ನೈಸಾ. ಆ ಹೆಸರನ್ನೇ ಊರಿಗೆ ಇಟ್ಟ. ಪಕ್ಕದ ಬೆಟ್ಟದ ಹೆಸರು ಮೇರೊಸ್. ನಾವು ಸ್ವತಂತ್ರರು, ಹಾಗೆಯೇ ಬಿಡು. ಸಾಕ್ಷಿ ಬೇಕಾದರೆ ಇಲ್ಲಿ ಐವಿ ಬಳ್ಳಿ ಬೆಳೆಯುತ್ತದೆ, ಈ ದೇಶದಲ್ಲಿ ಬೇರೆಲ್ಲೂ ಬೆಳೆಯುವುದಿಲ್ಲ.’

ಮೇರೊಸ್ ಎಂದರೆ ಗ್ರೀಕಿನಲ್ಲಿ ತೊಡೆ. ದೇವರು ತೊಡೆಯಿಂದ ಹುಟ್ಟಿದವನು, ಬೆಟ್ಟದ ಹೆಸರು ತೊಡೆ, ಊರಿನ ಹೆಸರು ನೈಸಾ, ಮೇಲೆ ಆ ದೇವರಿಗೆ ಪ್ರಿಯವಾದ ಐವಿ ಬಳ್ಳಿ: ವರ್ಷಗಟ್ಟಲೆ ಮನೆ ಬಿಟ್ಟು ಬಂದ ಸೈನಿಕರಿಗೆ ಇನ್ನೇನು ಬೇಕು? ಬೆಟ್ಟ ಹತ್ತಿ ಐವಿಯ ಮಾಲೆ ಕಟ್ಟಿ ತಲೆಗೆ ಸುತ್ತಿಕೊಂಡು ಕುಣಿದರು. ಕರ್ಟಿಯಸ್ ಪ್ರಕಾರ ಹತ್ತು ದಿನ ಕುಡಿತ, ಕುಣಿತ. ಆ ಬೆಟ್ಟದ ಸ್ಥಳೀಯ ಹೆಸರು ಮೇರು ಎಂದೋ ಅದಕ್ಕೆ ಹತ್ತಿರದ್ದೋ ಇದ್ದಿರಬೇಕು, ಗ್ರೀಕರ ಕಿವಿಗೆ ಅದು ತೊಡೆಯಾಗಿ ಬಿತ್ತು ಎಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ನನಗೂ ಅದೇ ಸರಿಯೆನ್ನಿಸುತ್ತದೆ. ಕನ್ನಡದ ಊರನ್ನು ಸಂಸ್ಕೃತದ ಊರು, ಅಂದರೆ ತೊಡೆ, ಎಂದು ಕೇಳಿಸಿಕೊಂಡ ಹಾಗೆ. ಬೆಂಗಳೂರನ್ನು ಬೆಂದಕಾಳು ಮಾಡಿದ ನಮಗೆ ಇದು ಅರ್ಥವಾಗದ್ದೇನಲ್ಲ. ಆ ಕತೆಯ ಹೊಯ್ಸಳ ಬಲ್ಲಾಳನಿಗಿಂತ ಬಹಳ ಹಿಂದಿನ ಬೇಗೂರಿನ ವೀರಗಲ್ಲಿನಲ್ಲೇ ಬೆಂಗಳೂರು ಎಂಬ ಹೆಸರಿದೆ, ಆದರೂ ಕಾಳು ಬೇಯುತ್ತಲೇ ಇದೆ.

ಅಕೂಫಿಸ್‌ನ ಚಾಣಾಕ್ಷತನಕ್ಕೆ ಇನ್ನೂ ಒಂದು ಉದಾಹರಣೆಯುಂಟು. ಅಲೆಕ್ಸಾಂಡರ್ ಒಪ್ಪಿ, ಊರಿನ ಅತ್ಯುತ್ತಮ ನೂರು ಜನರನ್ನು ತನ್ನ ಜೊತೆ ಕಳುಹಿಸು ಎಂದ. ಅಕೂಫಿಸ್ ನಕ್ಕ: ‘ಒಳ್ಳೆಯ ನೂರು ಜನರನ್ನು ಕಳೆದುಕೊಂಡ ಊರು ನೆಟ್ಟಗೆ ನಡೆಯುವುದು ಹೇಗೆ? ಬೇಕಿದ್ದರೆ ಕೆಟ್ಟವರನ್ನು ಇನ್ನೂರು ಜನ ತೆಗೆದುಕೊಂಡು ಹೋಗು.’ ಅಲೆಕ್ಸಾಂಡರನಿಗೆ ಮಾತು ಹಿಡಿಸಿತು, ನೂರು ಜನರ ಬೇಡಿಕೆ ಬಿಟ್ಟ. ಊರು ಉಳಿಯಿತು. ದೇವರ ಕತೆಯನ್ನು ಮೊದಲು ಹೇಳಿದವರು ಊರಿನವರೋ, ಗ್ರೀಕರೇ ಅವರ ಬಾಯಿಗೆ ತುರುಕಿದರೋ? ಎರಾಟೊಸ್ತನೀಸ್ ಎಂಬ ಮಹಾ ಭೂಗೋಳಜ್ಞ ಆಗಲೇ ಮೂಗು ಮುರಿದಿದ್ದ: ಇವೆಲ್ಲ ಅಲೆಕ್ಸಾಂಡರನನ್ನು ಮೆಚ್ಚಿಸಲು ಮೆಸಿಡೋನಿಯದವರು ಕಟ್ಟಿದ ಕತೆ, ಗುಹೆ ಕಂಡರೆ ಪ್ರೊಮಿಥಿಯಸ್‌ನ ಗುಹೆ ಎಂದರು, ದನಗಳ ಮೇಲೆ ಗದೆಯ ಬರೆ ಕಂಡರೆ ಹೆರಾಕ್ಲಿಸ್ ಬಂದಿದ್ದ ಎಂದರು, ಹಾಗೆಯೇ ಇದೂ ಎಂದು. ಭೂಗೋಳಕಾರ ಸ್ಟ್ರೇಬೊನದೂ ಅದೇ ದಾರಿ. ಆರಿಯನ್ ಮಾತ್ರ, ದೇವರ ವಿಷಯವನ್ನು ತೀರ ಕೆದಕಬಾರದು ಎಂದು ಹೇಳಿ ಜಾರಿಕೊಳ್ಳುತ್ತಾನೆ. ಆದರೆ ಮನುಷ್ಯರ ಲೆಕ್ಕದಲ್ಲಿ ನೋಡಿದರೆ, ಕೋಟೆಗೋಡೆಯ ಹೊರಗೆ ಅಂಥ ಸೈನ್ಯ ನಿಂತಿರುವಾಗ ಅವರ ದೇವರನ್ನೇ ತಮ್ಮ ಊರಿನ ಮೂಲಪುರುಷ ಮಾಡಿಕೊಂಡ ಮುದುಕನಿಗೆ ನಾನಂತೂ ಕೈಮುಗಿಯುತ್ತೇನೆ.

ಅಲ್ಲಿಂದ ಮುಂದೆ ಡಯೊನೈಸಸ್ ಭಾರತವನ್ನು ಗೆದ್ದವನಾದ. ರೋಮನ್ ಕವಿ ವರ್ಜಿಲ್ ತನ್ನ ಮಹಾಕಾವ್ಯದಲ್ಲಿ ಅಗಸ್ಟಸ್ ಚಕ್ರವರ್ತಿಯನ್ನು ಹೊಗಳುವಾಗ ‘ನೈಸಾದ ಎತ್ತರದ ಶಿಖರದಿಂದ ಹುಲಿಗಳನ್ನು ಹೂಡಿ ಇಳಿದುಬಂದ’ ಮದ್ಯದೇವತೆಯನ್ನೂ ಮೀರಿಸಿದವನು ಎನ್ನುತ್ತಾನೆ. ಹುಲಿ ಬಂದಮೇಲೆ ಶಿಖರವೂ ಪೂರ್ವಕ್ಕೆ ಬಂದಂತೆಯೇ. ಈಜಿಪ್ಟಿನ ಕವಿ ನೊನ್ನಸ್ ಕ್ರಿ.ಶ. ಐದನೆಯ ಶತಮಾನದಲ್ಲಿ 48 ಸರ್ಗಗಳ ಕಾವ್ಯವನ್ನೇ ಬರೆದ. ಅದರಲ್ಲಿ ದೇವರು ನೀರನ್ನು ಮದ್ಯ ಮಾಡಿ ಭಾರತದ ಯೋಧರನ್ನು ಮಲಗಿಸುತ್ತಾನೆ. ಭಾರತದವರಿಗೆ ಮದ್ಯ ಕುಡಿಸಿ ಗೆಲ್ಲುವ ಈ ಉಪಾಯ ಕನ್ನಡಿಗರಿಗೆ ಎಲ್ಲೋ ಕೇಳಿದಂತಿರಬೇಕು. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ರಾಶಿಯಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿಯೂ ಗ್ರೀಕ್ ತರುಣಿಯನ್ನು ಬಿಡಿಸಿಕೊಂಡು ಹೋಗಲು ಭಾರತದ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸುತ್ತಾರೆ. ಆ ಪ್ರಹಸನದಲ್ಲಿರುವ ಅರ್ಥವಾಗದ ಮಾತುಗಳು ಕನ್ನಡವೇ ಎಂದು ಆರ್. ಶಾಮಶಾಸ್ತ್ರಿ, ಎಂ. ಗೋವಿಂದ ಪೈ ಮೊದಲಾದವರು ವಾದಿಸಿದರು, ಅಲ್ಲ ಎನ್ನುವವರೂ ಇದ್ದಾರೆ. ಆ ಜಗಳ ಇಲ್ಲಿ ಬೇಡ.

ಇನ್ನು ಹೆಸರಿನ ಅರ್ಥಕ್ಕೆ ಬರೋಣ. ಡಯೊನೈಸಸ್ ಎಂಬ ಹೆಸರಿನ ಮೊದಲ ಭಾಗ ಜ್ಯೂಸ್‌ನದು ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ಎರಡನೆಯ ಭಾಗ ನೈಸಾ ಎಂದು ಡಯೋಡೋರಸ್‌ನಂಥ ಹಳಬರು ಹೇಳಿದರು: ಜ್ಯೂಸ್‌ನ ಮಗ, ನೈಸಾದಲ್ಲಿ ಬೆಳೆದವನು. ಆದರೆ ನೈಸಾ ಎಂದರೇನು ಎಂದು ಕೇಳಿದರೆ ಡಯೊನೈಸಸ್ ಬೆಳೆದ ಜಾಗ ಎನ್ನುತ್ತಾರೆ! ಗಾಣದೆತ್ತು ಸುತ್ತಿದಂತಾಯಿತು. ಈ ಸುತ್ತಿನಿಂದ ಹೊರಬರಲು ಮೂರು ದಾರಿ ಹುಡುಕಿದರು. ಫೆರೆಸೈಡೀಸ್ ಎಂಬ ಪುರಾತನ ಪುರಾಣಕಾರ, ಹಿಂದಿನವರು ಮರಗಳನ್ನು ‘ನೂಸ’ ಎನ್ನುತ್ತಿದ್ದರು ಎಂದ. ನೊನ್ನಸ್ ಹೇಳುವ ಕಾರಣ ಇನ್ನೂ ಚೆನ್ನಾಗಿದೆ: ಸಿರಕ್ಯೂಸ್‌ನ ಆಡುನುಡಿಯಲ್ಲಿ ಆ ಪದಕ್ಕೆ ಕುಂಟ ಎಂದರ್ಥವಂತೆ, ತೊಡೆಯಲ್ಲಿ ಬಸಿರು ಹೊತ್ತ ಜ್ಯೂಸ್ ಕುಂಟುತ್ತ ನಡೆದದ್ದರಿಂದ ಮಗುವಿಗೆ ಆ ಹೆಸರು. ಮೂರನೆಯದು ಆಧುನಿಕ ಭಾಷಾವಿಜ್ಞಾನಿ ಕ್ರೆಚ್ಮರ್‌ನದು. ಅಥೆನ್ಸ್‌ನ ಅಕ್ರೊಪೊಲಿಸ್‌ನಲ್ಲಿ ಸಿಕ್ಕ, ಕ್ರಿ.ಪೂ. ಆರನೆಯ ಶತಮಾನದ ಸೊಫಿಲಸ್ ಎಂಬ ಚಿತ್ರಕಾರನ ಒಡೆದ ಪಾತ್ರೆಯೊಂದರ ಮೇಲೆ ಮದುವೆಯ ದಿಬ್ಬಣದಲ್ಲಿರುವ ಹೆಂಗಸರ ಗುಂಪಿನ ಪಕ್ಕ ‘ನೂಸೈ’ ಎಂದು ಬಹುವಚನದಲ್ಲಿ ಬರೆದಿದೆ. ಹಾಗಾದರೆ ನೂಸ ಎಂದರೆ ಕನ್ಯೆ, ಅಪ್ಸರೆ ಎಂದೂ, ಅದರ ಪುಲ್ಲಿಂಗ ಮಗ ಎಂದೂ, ಡಯೊನೈಸಸ್ ಎಂದರೆ ‘ಜ್ಯೂಸ್‌ನ ಮಗ’ ಎಂದೂ ಅವನು ತರ್ಕಿಸಿದ. ಒಪ್ಪಿದವರು ಕೆಲವರು, ಒಪ್ಪದವರು ಹಲವರು. ಒಂದಂತೂ ನಿಶ್ಚಯ: ಪೈಲೊಸ್‌ನ ಅರಮನೆಯ ಮಣ್ಣಿನ ಹಲಗೆಗಳಲ್ಲಿ ದೇವರ ಹೆಸರು ‘ದಿ-ವೊ-ನು-ಸೊ’ ಎಂದು ಕ್ರಿ.ಪೂ. 1200ರ ಸುಮಾರಿಗೇ ಸಿಗುತ್ತದೆ. ಹೆಸರು ಅಷ್ಟು ಹಳೆಯದು. ಗ್ರೀಕರಿಗೇ ಅದರ ಅರ್ಥ ಮರೆತುಹೋಗುವಷ್ಟು.

ನೀವು ಕೇಳಿದ ಅಶುಭದ ವಿಷಯ. ಮುಚ್ಚಿಡುವುದಿಲ್ಲ, ಒಂದಿದೆ. ಡಿಮೀಟರ್ ದೇವಿಯ ಸ್ತುತಿಯಲ್ಲಿ ಅವಳ ಮಗಳು ಪರ್ಸೆಫೊನಿ ಗೆಳತಿಯರ ಜೊತೆ ಹೂ ಕೀಳುತ್ತಿರುವಾಗ ಭೂಮಿ ಬಿರಿಯುತ್ತದೆ, ಪಾತಾಳದ ದೊರೆ ಹೇಡಿಸ್ ಚಿನ್ನದ ರಥದಲ್ಲಿ ಮೇಲೆದ್ದು ಅವಳನ್ನು ಹೊತ್ತೊಯ್ಯುತ್ತಾನೆ. ಭೂಮಿ ಬಿರಿದ ಜಾಗ ‘ನೈಸಾದ ಬಯಲು’. ಗ್ರೀಕರ ಮನಸ್ಸಿನಲ್ಲಿ ಆ ಹೆಸರು ಯಾಕೆ ಎರಡು ಕತೆಗಳಿಗೂ ಒದಗಿತು? ಒಂದು ಮಗು ಅಡಗುವುದಕ್ಕೂ ಇನ್ನೊಂದು ಕಾಣೆಯಾಗುವುದಕ್ಕೂ ಜನರ ಕಣ್ಣಿಗೆ ಬೀಳದ ದೂರದ ಜಾಗ ಬೇಕು ಎಂಬುದೇ ಕಾರಣವೆಂದು ನನ್ನ ಎಣಿಕೆ. ಟರ್ಕಿಯ ಸುಲ್ತಾನ್‌ಹಿಸಾರ್ ಹತ್ತಿರ, ಮಿಯಾಂಡರ್ ನದಿಯ ಕಣಿವೆಯಲ್ಲಿ, ನೈಸಾ ಎಂಬ ನಿಜವಾದ ಪಟ್ಟಣ ಇತ್ತು. ಅದರ ಪಾಳು ಇಂದಿಗೂ ನೋಡಲು ಸಿಗುತ್ತದೆ. ಅಲ್ಲಿಯವರು ಈ ಅಪಹರಣವನ್ನೇ ತಮ್ಮ ನಾಣ್ಯಗಳ ಮೇಲೆ ಅಚ್ಚೊತ್ತಿಸಿದ್ದರು. ಪಕ್ಕದ ಅಕಾರಕಾ ಹಳ್ಳಿಯ ಗುಹೆಯಲ್ಲಿ ರೋಗಿಗಳನ್ನು ಮಲಗಿಸಿ, ಪೂಜಾರಿಗಳು ಕನಸಿನ ಮೂಲಕ ಮದ್ದು ಹೇಳುತ್ತಿದ್ದರು. ಅಂದರೆ ಅವರಿಗೆ ಪಾತಾಳದ ಬಾಗಿಲು ಆಸ್ಪತ್ರೆಯೂ ಆಗಿತ್ತು. ಸ್ಟ್ರೇಬೊ ಹುಡುಗನಾಗಿದ್ದಾಗ ಅರಿಸ್ಟೊಡೀಮಸ್ ಎಂಬ ವೃದ್ಧ ಗುರುವಿನ ಪಾಠ ಕೇಳಿದ್ದು ಈ ಊರಿನಲ್ಲೇ. ಇಸ್ರೇಲ್‌ನ ಬೇತ್ ಷಿಯಾನ್‌ಗೂ ಹಿಂದೆ ನೈಸಾ ಎಂಬ ಹೆಸರಿತ್ತು. ಡಯೊನೈಸಸ್ ತನ್ನ ದಾದಿಯನ್ನು ಅಲ್ಲಿ ಮಣ್ಣುಮಾಡಿದ ಎಂದು ಪ್ಲಿನಿ ಬರೆದಿದ್ದಾನೆ.

ಗಮನಿಸಿದಿರಾ, ದಾದಿ ಮತ್ತೆ ಮತ್ತೆ ಬರುತ್ತಾಳೆ. ನಿಮ್ಮ ನೆಂಟರಿಗೆ ಹೇಳಬೇಕಾದ ಅರ್ಥ ನನ್ನ ಪ್ರಕಾರ ಇದೇ. ಬೆಟ್ಟದ ಹೆಸರು ಬರಬರುತ್ತ ಆ ಬೆಟ್ಟದಲ್ಲಿ ಮಗುವನ್ನು ಸಾಕಿದವಳ ಹೆಸರಾಯಿತು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಈಜಿಪ್ಟಿನ ದೊರೆ ಎರಡನೆಯ ಟಾಲೆಮಿ ಅಲೆಕ್ಸಾಂಡ್ರಿಯಾದಲ್ಲಿ ನಡೆಸಿದ ಮಹಾ ಮೆರವಣಿಗೆಯ ವರ್ಣನೆ ಉಳಿದುಬಂದಿದೆ. ಅದರಲ್ಲಿ ಅರುವತ್ತು ಜನ ಎಳೆಯುವ ನಾಲ್ಕು ಗಾಲಿಯ ಬಂಡಿಯ ಮೇಲೆ ಎಂಟು ಮೊಳ ಎತ್ತರದ ನೈಸಾಳ ವಿಗ್ರಹ ಕುಳಿತಿತ್ತು. ಹಳದಿ ಬಣ್ಣದ, ಚಿನ್ನದ ಎಳೆಯ ಉಡುಪು. ತಲೆಗೆ ಚಿನ್ನದ ಐವಿ ಎಲೆಯ ಕಿರೀಟ, ರತ್ನದ ದ್ರಾಕ್ಷಿಗೊಂಚಲು. ಯಾರೂ ಕೈಯಿಡದೆ, ಒಳಗಿನ ಯಂತ್ರದ ಬಲದಿಂದಲೇ ಅವಳು ಎದ್ದು ನಿಂತು, ಚಿನ್ನದ ಬಟ್ಟಲಿನಿಂದ ಹಾಲು ಸುರಿದು, ಮತ್ತೆ ಕುಳಿತುಕೊಳ್ಳುತ್ತಿದ್ದಳು. ಮದ್ಯದ ದೇವರ ಮೆರವಣಿಗೆ, ಆದರೆ ಅವಳು ಸುರಿಯುತ್ತಿದ್ದದ್ದು ಹಾಲು. ಸಾಕಿದವಳ ಕೈಯಲ್ಲಿ ಬೇರೇನು ಇರಲು ಸಾಧ್ಯ?

ಆ ದಾದಿಯರು ಕೊನೆಗೆ ಆಕಾಶ ಸೇರಿದರು. ಅಪೊಲೊಡೋರಸ್ ಪ್ರಕಾರ ಹರ್ಮಿಸ್ ಮಗುವನ್ನು ಏಷ್ಯಾದ ನೈಸಾದಲ್ಲಿದ್ದ ಅಪ್ಸರೆಯರಿಗೆ ಒಪ್ಪಿಸಿದ; ಅವರನ್ನು ಜ್ಯೂಸ್ ಮುಂದೆ ಹಯಡೀಸ್ ಎಂಬ ನಕ್ಷತ್ರಗಳನ್ನಾಗಿ ಮಾಡಿದ. ವೃಷಭ ರಾಶಿಯಲ್ಲಿ ನಮ್ಮ ರೋಹಿಣಿಯನ್ನು ಹುಡುಕಿ: ಆ ಕೆಂಪು ಚುಕ್ಕಿಯ ಪಕ್ಕ ಕವಲುಗೋಲಿನ ಆಕಾರದಲ್ಲಿ ಚೆಲ್ಲಿರುವ ನಕ್ಷತ್ರಗಳೇ ಅವರು. ಸ್ವಲ್ಪ ಆಚೆಗೆ ಕೃತ್ತಿಕೆಯರಿದ್ದಾರೆ, ಷಣ್ಮುಖನಿಗೆ ಹಾಲೂಡಿದವರು. ತಾಯಿಯ ಮಡಿಲಿಲ್ಲದ ಎರಡು ದೇವಶಿಶುಗಳನ್ನು ಸಾಕಿದವರು ಆಕಾಶದ ಒಂದೇ ಕೇರಿಯಲ್ಲಿ ಅಕ್ಕಪಕ್ಕದ ಮನೆ ಮಾಡಿದ್ದಾರೆ. ಒಂದರಿಂದ ಇನ್ನೊಂದು ಬಂತು ಎಂದು ನಾನು ಹೇಳುತ್ತಿಲ್ಲ. ತಾರಸಿಗೆ ಹೋದಾಗ ಮೊಮ್ಮಗಳಿಗೆ ತೋರಿಸಿ ಎಂದಷ್ಟೇ.

ಹೆಣ್ಣುಮಕ್ಕಳಿಗೆ ಈ ಹೆಸರಿಡುವುದು ಇವತ್ತಿನ ಷೋಕಿಯೇನೂ ಅಲ್ಲ. ಬಿಥಿನಿಯಾದ ದೊರೆ ನಿಕೊಮಿಡೀಸ್‌ನ ಮಗಳು ನೈಸಾ. ಅವಳ ಪರವಾಗಿ ಜೂಲಿಯಸ್ ಸೀಸರ್ ರೋಮಿನ ಸೆನೆಟ್‌ನಲ್ಲಿ ಮಾತನಾಡಿದ್ದ. ವರ್ಜಿಲ್‌ನ ಗೋಪಗೀತೆಯೊಂದರಲ್ಲಿ ನೈಸಾ ಎಂಬ ಹುಡುಗಿಯನ್ನು ಬೇರೊಬ್ಬನಿಗೆ ಕೊಟ್ಟು ಮದುವೆ ಮಾಡಿದರೆಂದು ಕುರಿಗಾಹಿಯೊಬ್ಬ ಹಾಡಿ ಅಳುತ್ತಾನೆ. 1857ರಲ್ಲಿ ಹರ್ಮನ್ ಗೋಲ್ಡ್‌ಸ್ಮಿಡ್ಟ್ ಕಂಡುಹಿಡಿದ ಕ್ಷುದ್ರಗ್ರಹಕ್ಕೂ ಇದೇ ಹೆಸರು. ಅದರ ಕ್ರಮಸಂಖ್ಯೆ 44. ಪೋಲೆಂಡಿನಲ್ಲಿ ಇದೇ ಅಕ್ಷರಗಳ ಊರು, ನದಿ ಇವೆಯಲ್ಲ ಎಂದು ಯಾರಾದರೂ ಕೇಳಿದರೆ, ಅದು ಬೇರೆ ಹೆಸರು, ಅಲ್ಲಿ ಡಯೊನೈಸಸ್ ಹೋಗಿಲ್ಲ ಎನ್ನಿ.

ಉಳಿದದ್ದು ಬರವಣಿಗೆ. ಹಳೆಯ ಗ್ರೀಕರ ಆ ಸ್ವರ ನಮ್ಮ ಊ ಮತ್ತು ಈಗಳ ನಡುವಿನದು. ತುಟಿ ಊಕಾರಕ್ಕೆ ದುಂಡಾಗಿಸಿ ಈ ಎಂದರೆ ಬರುತ್ತದೆ. ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. 'ನೂಸಾ' ಹಳೆಯದಕ್ಕೆ ಹತ್ತಿರ, 'ನೀಸಾ' ಇಂದಿನ ಗ್ರೀಕರ ಉಚ್ಚಾರಣೆ, 'ನೈಸಾ' ಇಂಗ್ಲಿಷಿನವರದು. 'ನ್ಯಾಸಾ' ಯಾರದ್ದೂ ಅಲ್ಲ. ನ್ಯಾಸ ಸಂಸ್ಕೃತದ ಬೇರೆ ಪದ, ಅದನ್ನು ಬಿಡಿ. ಗ್ರೀಕ್ ಕತೆಯನ್ನು ಕನ್ನಡಕ್ಕೆ ತರುವವರಿಗೆ ನನ್ನದು ಒಂದೇ ಸೂಚನೆ: ದೇವರ ಹೆಸರೂ ಊರಿನ ಹೆಸರೂ ಒಂದೇ ಪದ್ಧತಿಯಲ್ಲಿರಲಿ. ದಿಯೊನೂಸೊಸ್ ಎಂದರೆ ನೂಸಾ, ಡಯೊನೈಸಸ್ ಎಂದರೆ ನೈಸಾ. ಡಯೊನೈಸಸ್ ನೀಸಾದಲ್ಲಿ ಬೆಳೆದ ಎಂದು ಬರೆದರೆ ಗ್ರೀಕರಿಗೆ ಕೇಳುತ್ತಿದ್ದ ಅನುರಣನ ನಮ್ಮ ಓದುಗನಿಗೆ ಕೇಳುವುದಿಲ್ಲ. ಲಂಕೇಶರು ಸೊಫೊಕ್ಲಿಸ್‌ನ ನಾಟಕವನ್ನು ಇಂಗ್ಲಿಷಿನ ಬಾಯಿಯಿಂದ ತಪ್ಪಿಸಿ ‘ಅಂತಿಗೊನೆ’ ಎಂದು ಕರೆದದ್ದು ನನಗೆ ಇಷ್ಟ. ಆ ನಾಟಕದ ಮೇಳಗೀತೆಯಲ್ಲೂ ಐವಿ ಹಬ್ಬಿದ ನೈಸಾದ ಬೆಟ್ಟಗಳು ಬರುತ್ತವೆ.

ಮಗುವಿನ ವಿಷಯಕ್ಕೆ ಇಷ್ಟೆಲ್ಲ ಬೇಕಿಲ್ಲ. ಅಪ್ಪ, ಅಮ್ಮ ಹೇಗೆ ಕೂಗುತ್ತಾರೋ ಹಾಗೆ ಬರೆಯಿರಿ. ಅವರು ನೈಸಾ ಎಂದು ಕೂಗುತ್ತಿದ್ದರೆ ತಟ್ಟೆಯ ಅಕ್ಕಿಯ ಮೇಲೆ ನಕಾರಕ್ಕೆ ಐತ್ವ, ಸಕಾರಕ್ಕೆ ದೀರ್ಘ. ಸಕಾರಕ್ಕೆ ಒತ್ತು ಮಾತ್ರ ಬೇಡ.